ಲಿಂಗಪೂಜೆ ಮುಗಿದ ಮೇಲಿನ ತೊಂಬತ್ತು ನಿಮಿಷ

ನನ್ನ ಮೊದಲ ಕಥಾಸಂಕಲನದ 500 ಪ್ರತಿ ಈ ಶ್ರಾವಣದಲ್ಲಿ ಮನೆಗೆ ಬಂದವು. ಬರೆಯಲು ಕೂತದ್ದು ಹೋದ ವರ್ಷ, ಬಸವ ಜಯಂತಿಯ ಮರುದಿನ. ಕಥೆ ಬರೆಯುವುದು ಹೇಗೆ ಎಂದು ಹೇಳಿಕೊಡುವವರು ಬಹಳ ಮಂದಿ ಸಿಕ್ಕರು. ಪೂಜೆ, ವಾರ, ಜಾತ್ರೆ, ಬೀಗರು, ಒಂಬತ್ತು ಜನರ ಅಡುಗೆ ಇರುವ ಮನೆಯಲ್ಲಿ ಅದಕ್ಕೆ ಹೊತ್ತು ಕೇಳುವುದು ಹೇಗೆ, ಕೇಳಿ ಪಡೆದ ಹೊತ್ತಿಗೆ ಲೆಕ್ಕ ಒಪ್ಪಿಸುವುದು ಹೇಗೆ ಎಂದು ಯಾರೂ ಹೇಳಲಿಲ್ಲ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಇದು ವಿಜಯಪುರದ ಒಂದು ಲಿಂಗಾಯತ ಮನೆಯ ಲೆಕ್ಕ. ನಿಮ್ಮ ಮನೆಯ ಆಚಾರ ಬೇರೆ ಇದ್ದರೆ ಗಂಟೆಗಳನ್ನು ನಿಮಗೆ ತಕ್ಕಂತೆ ಬದಲಿಸಿಕೊಳ್ಳಿ.

ನಮ್ಮ ಕಡೆ ಶ್ರಾವಣ ಪೂರ್ತಿ ಮಠಗಳಲ್ಲಿ ಸಂಜೆ ಪುರಾಣ, ಪ್ರವಚನ ನಡೆಯುತ್ತವೆ. ಬರೆಯಲು ಕೂರುವ ಹಿಂದಿನ ವರ್ಷದ ಶ್ರಾವಣದಲ್ಲಿ ಆಯ್ದಕ್ಕಿ ಮಾರಯ್ಯನ ವಚನ ಕೇಳಿದೆ. 'ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು' ಎಂಬ ಮಾತು ನನ್ನ ಪರವಾಗಿಯೇ ಯಾರೋ ವಾದ ಹೂಡಿದ ಹಾಗೆ ಕೇಳಿಸಿತು. ಮನೆಗೆ ಬಂದವಳೇ ಅತ್ತೆಯ ಮುಂದೆ ಅದನ್ನು ಹೇಳಿ, ಬರೆಯುವುದೂ ಕಾಯಕವೇ, ನನಗೂ ಹೊತ್ತು ಬೇಕು ಎಂದೆ.

"ಮಾರಯ್ಯಂದು ಅಷ್ಟ ಹೇಳಿದಿ, ಲಕ್ಕಮ್ಮಂದೂ ಹೇಳವಾ," ಅಂದರು ಅತ್ತೆ. "ಈಸಕ್ಕಿಯಾಸೆ ನಿಮಗೇಕೆ ಅಂತ ಗಂಡಗ ಕೇಳ್ಯಾಳಕಿ. ನಿನಗ ದಿನಕ್ಕ ಎಷ್ಟು ಹೊತ್ತು ಬೇಕು? ಅದನ್ನ ಮೊದಲ ಹೇಳು."

ಚೆಲ್ಲಿದ ಅಕ್ಕಿ ಆಯುತ್ತಿದ್ದ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ತಂದಾಗ, ಹೆಂಡತಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬಾ ಎಂದು ಕಳಿಸಿದ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಎರಡು ದಿನ ನನಗೆ ಸಿಟ್ಟಿತ್ತು. ಆಮೇಲೆ ಯೋಚಿಸಿದರೆ, ಅವರ ಪ್ರಶ್ನೆಗೆ ನನ್ನ ಬಳಿ ನಿಜಕ್ಕೂ ಉತ್ತರ ಇರಲಿಲ್ಲ. ಹೊತ್ತು ಸಿಗುವುದಿಲ್ಲ ಎಂಬ ದೂರು ವರ್ಷಗಳಿಂದ ಇತ್ತು. ಎಷ್ಟು ಬೇಕು ಎಂಬ ಲೆಕ್ಕವನ್ನು ಒಂದು ದಿನವೂ ಹಾಕಿರಲಿಲ್ಲ.

ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಧ್ಯಾಹ್ನ ಬರೆದು ನೋಡಿದೆ. ಎರಡೂವರೆಯಿಂದ ನಾಲ್ಕರವರೆಗೆ ಮನೆ ಖಾಲಿ ಇದ್ದಂತೆ ಕಾಣುತ್ತದೆ, ಆದರೆ ಆ ಹೊತ್ತಿಗೇ ನೆರೆಯವರು ಬರುತ್ತಾರೆ, ಜೋಳ ಹಸನು ಮಾಡುವುದಿರುತ್ತದೆ, ಗ್ಯಾಸ್ ಸಿಲಿಂಡರ್ ಬರುತ್ತದೆ. ನಿನ್ನೆ ಬರೆದದ್ದನ್ನು ಓದಿ ಪಾತ್ರದ ದನಿ ಹಿಡಿಯಲಿಕ್ಕೇ ನನಗೆ ಕಾಲು ಗಂಟೆ ಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದರೆ ಬರೆಯಲು ಉಳಿಯುವುದು ಐದು ನಿಮಿಷ. ಆಮೇಲೆ ಶಿವರಾತ್ರಿಯವರೆಗೆ ರಾತ್ರಿ ಹತ್ತರ ನಂತರ ಕೂತೆ. 150 ಪದ ಬರೆಯುವಷ್ಟರಲ್ಲಿ ಕಣ್ಣು ಎಳೆಯುತ್ತಿತ್ತು, ಮರುದಿನ ಓದಿದರೆ ಅದರಲ್ಲಿ ಅರ್ಧ ಹೊಡೆದುಹಾಕುವಂಥದ್ದು. ಬೆಳಗಿನ ರೊಟ್ಟಿಯೂ ತಡವಾಗಿ, ಮಕ್ಕಳ ಶಾಲೆಯ ಬಸ್ಸು ಎರಡು ಸಲ ತಪ್ಪಿತು. ಹೀಗೆ ಕದ್ದು ತೆಗೆದ ಹೊತ್ತಿನ ಬೆಲೆಯನ್ನು ಮನೆಯವರು ತೆತ್ತಾಗ ಬರವಣಿಗೆಗೇ ಕೆಟ್ಟ ಹೆಸರು ಬರುತ್ತದೆ. ಅದನ್ನು ತೊಳೆದುಕೊಳ್ಳಲು ತಿಂಗಳುಗಟ್ಟಲೆ ಬೇಕು.

ಅದಾದ ಮೇಲೆ ಮಾಡಿದ ಕೆಲಸವನ್ನು ನೀವು ಎಲ್ಲಕ್ಕಿಂತ ಮೊದಲು ಮಾಡಿ. ಹಳೆಯ ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಗೆರೆ ಎಳೆದು, ಮೂರು ವಾರ ಏನು ಮಾಡಿದೆನೋ ಅದನ್ನು ಬರೆದಿಟ್ಟೆ. ಬೆಳಗಿನ ಪೂಜೆ 20 ನಿಮಿಷ, ಸಂಜೆ ದೀಪ ಹಚ್ಚಿ ಪೂಜೆ 15. ಮೂವತ್ತು ರೊಟ್ಟಿ ಬಡಿದು ಬೇಯಿಸಲು ಒಂದು ಗಂಟೆ. ಪಲ್ಯ, ಸಾರು, ಡಬ್ಬಿ ಕಟ್ಟುವುದು ಮುಕ್ಕಾಲು ಗಂಟೆ. ನೀರು ಬಿಡುವ ದಿನ ತುಂಬಿಸಿಕೊಳ್ಳಲು ಒಂದೂವರೆ ಗಂಟೆ. ಮೊಬೈಲಿಗೆ ದಿನಕ್ಕೆ 50 ನಿಮಿಷ ಹೋಗುತ್ತಿತ್ತು, ಅದನ್ನೂ ಮುಚ್ಚಿಡದೆ ಬರೆದೆ. ಇಪ್ಪತ್ತೊಂದು ದಿನದ ಮಧ್ಯಾಹ್ನಗಳಲ್ಲಿ ಹದಿನಾಲ್ಕು ಬೇರೆಯವರ ಪಾಲಾಗಿದ್ದವು. ಪುಸ್ತಕದ ತುಂಬ ಹುಡುಕಿದರೂ ಯಾರೂ ಕರೆಯದ ಒಂದೇ ಒಂದು ಹೊತ್ತು ಸಿಕ್ಕಿದ್ದು ಬೆಳಗಿನ ಆರೂಕಾಲಿಗಿಂತ ಮುಂಚಿನದು. ಆ ಪುಸ್ತಕವನ್ನೇ ಅತ್ತೆಯ ಮುಂದಿಟ್ಟು, ದಿನಕ್ಕೆ ತೊಂಬತ್ತು ನಿಮಿಷ, ವಾರಕ್ಕೆ ಐದು ದಿನ ಎಂದೆ. ಸೋಮವಾರ ಸಿದ್ಧೇಶ್ವರ ಗುಡಿಗೆ ಹೋಗುವುದಿರುತ್ತದೆ, ಅವತ್ತು ಬರೆಯುವುದಿಲ್ಲ. ರವಿವಾರ ಮನೆಯ ಪಾಲು.

ಅವರು ಎತ್ತಿದ ತಕರಾರು ಒಂದೇ. ಮೈ ತೊಳೆಯದೆ, ಪೂಜೆ ಮಾಡದೆ ಪೆನ್ನು ಹಿಡಿಯುವುದು ಹೇಗೆ? ಅದಕ್ಕೆ ವಾದ ಮಾಡದೆ ಹೊತ್ತನ್ನೇ ಹಿಂದಕ್ಕೆ ಸರಿಸಿದೆ. 4:05ಕ್ಕೆ ಏಳುವುದು, ಸ್ನಾನ, 4:25ಕ್ಕೆ ಪೂಜೆಗೆ ಕೂರುವುದು, 4:45ರಿಂದ 6:15ರವರೆಗೆ ಅದೇ ಜಾಗದಲ್ಲಿ, ಅದೇ ಮಣೆಯ ಮೇಲೆ ಬರವಣಿಗೆ. ಇದರಿಂದ ಆದ ಲಾಭ ನಾನು ಎಣಿಸಿರದಂಥದ್ದು. ಅಂಗೈಯಲ್ಲಿ ಲಿಂಗ ಹಿಡಿದು ಇಪ್ಪತ್ತು ನಿಮಿಷ ದೃಷ್ಟಿ ನಿಲ್ಲಿಸಿದ ಮೇಲೆ ಮನಸ್ಸು ಅಡುಗೆಮನೆಯ ಕಡೆ ಓಡುವುದು ಕಡಿಮೆಯಾಗಿರುತ್ತದೆ. ಮಧ್ಯಾಹ್ನ ಕಾಲು ಗಂಟೆ ಹಿಡಿಯುತ್ತಿದ್ದ ಮರು ಓದು ಇಲ್ಲಿ ಐದಾರು ನಿಮಿಷದಲ್ಲಿ ಮುಗಿಯುತ್ತಿತ್ತು.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಪೂಜೆಗೆ ಕೂತವರನ್ನು ಕರೆಯಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಜಗಲಿ ಕೋಣೆಯ, ಅಂದರೆ ಪೂಜೆ ಮಾಡುವ ಕೋಣೆಯ, ಬಾಗಿಲು ಮುಂದೆ ಮಾಡಿಕೊಂಡರೆ ಬರವಣಿಗೆಗೂ ಅದೇ ಮರ್ಯಾದೆ ಸಿಗುತ್ತಿತ್ತು. ಹಾಲಿನವರು, ಬೀಗರ ಫೋನು ಯಾರೇ ಕೇಳಿದರೂ ಮಕ್ಕಳು "ಅವ್ವ ಪೂಜಿಗೆ ಕುಂತಾಳ" ಎನ್ನುತ್ತಿದ್ದವು. ನಾನು ಅದನ್ನು ತಿದ್ದಲಿಲ್ಲ. ಹತ್ತೊಂಬತ್ತನೆಯ ದಿನ ಅತ್ತೆಯೇ ಹೇಳಿದರು: "ಲಿಂಗದ ಹೆಸರ ಹೇಳಿ ಕಥಿ ಬರೀಬ್ಯಾಡ. ಕಥಿ ಬರೀತೀನಿ ಅಂತನ ಹೇಳಿ ಬರಿ. ಯಾರು ಏನಂತಾರ?" ಆ ದಿನವೆಲ್ಲ ಮುಖ ಎತ್ತಲಾಗಲಿಲ್ಲ. ಮರುದಿನದಿಂದ ಪೂಜೆ ಮುಗಿದ ಕೂಡಲೇ ಬಾಗಿಲು ತೆರೆದಿಡತೊಡಗಿದೆ. ಮೊದಲ ಎರಡು ವಾರ ಕರೆಗಳು ಹೆಚ್ಚಾದವು. ಆಮೇಲೆ 'ಬರೆಯಾಕ ಕುಂತಾಳ' ಎಂಬುದೂ ಒಂದು ನೇಮವಾಗಿ ಮನೆಯವರ ಬಾಯಲ್ಲಿ ಕೂತಿತು. ನೇಮ ಎಂಬ ಮಾತಿಗೆ ನಮ್ಮ ಮನೆಗಳಲ್ಲಿ ಬಹಳ ತೂಕವಿದೆ. ಹವ್ಯಾಸ ಎಂದರೆ ಯಾರು ಬೇಕಾದರೂ ಬಿಡಿಸಬಹುದು, ನೇಮ ಎಂದರೆ ಬಿಡಿಸಲು ಹಿರಿಯರೂ ಹಿಂಜರಿಯುತ್ತಾರೆ. ಆದರೆ ಅದು ಹೊತ್ತಿಗೆ ಸರಿಯಾಗಿ ಶುರುವಾಗಬೇಕು, ಹೊತ್ತಿಗೆ ಸರಿಯಾಗಿ ಮುಗಿಯಬೇಕು. ಕಥೆ ಎಷ್ಟೇ ಚೆನ್ನಾಗಿ ಓಡುತ್ತಿರಲಿ, 6:15ಕ್ಕೆ ನಾನು ಏಳುತ್ತಿದ್ದೆ. ಏಳುವ ಮೊದಲು ಮುಂದಿನ ವಾಕ್ಯದ ಅರ್ಧ ಬರೆದಿಡಿ, ಮರುದಿನ ಅಲ್ಲಿಂದಲೇ ಎಳೆ ಸಿಗುತ್ತದೆ.

ಬೆಳಿಗ್ಗೆ ನಾಲ್ಕಕ್ಕೆ ಏಳುವವರ ಕೆಲಸ ಹಿಂದಿನ ರಾತ್ರಿಯೇ ಶುರು. ಹಿಟ್ಟು ಜರಡಿ ಹಿಡಿದು, ಕಾಯಿಪಲ್ಯ ಹೆಚ್ಚಿ, ಡಬ್ಬಿ ತೊಳೆದಿಟ್ಟು ಹತ್ತರೊಳಗೆ ಮಲಗಬೇಕು. ಬೆಳಗಿನ ಹಾಲು, ಚಹಾ ನೆಗೆಣ್ಣಿ ವಹಿಸಿಕೊಂಡಳು, ಬದಲಿಗೆ ರಾತ್ರಿಯ ಪಾತ್ರೆ ಪೂರ್ತಿ ನನ್ನವು. ಈ ಬದಲಿಯನ್ನು ಬಾಯಿಬಿಟ್ಟು ಮಾತಾಡಿಕೊಳ್ಳಿ. ಅವಳಾಗಿಯೇ ಮಾಡುತ್ತಾಳೆ ಎಂದು ಸುಮ್ಮನಿದ್ದರೆ ಮೂರನೇ ತಿಂಗಳಿಗೆ ಅದು ಮುನಿಸಾಗಿ ಹೊರಗೆ ಬರುತ್ತದೆ. ಕರೆಂಟು ಹೋದರೆ ಇರಲಿ ಎಂದು ಚಾರ್ಜಿಂಗ್ ದೀಪ ಮಣೆಯ ಪಕ್ಕದಲ್ಲೇ ಇರುತ್ತಿತ್ತು.

ನನ್ನ ವೇಗ ಒಮ್ಮೆ ಕೂತರೆ 350 ಪದ, ಕೈಬರಹದಲ್ಲಿ. ಹನ್ನೊಂದು ಕಥೆ ಸೇರಿ 28,000 ಪದ, ಅಂದರೆ 80 ಸಲ ಕೂರಬೇಕು. ವಾರಕ್ಕೆ ಐದರಂತೆ 16 ವಾರ ಸಾಕು ಎಂದು ಲೆಕ್ಕ ಹಾಕಿದ್ದೆ, ಹಿಡಿದದ್ದು 27 ವಾರ. ಪಂಚಮಿಯ ಉಂಡಿ, ಚಕ್ಕಲಿ, ಅಳ್ಳಿಗೆ ಒಂದು ವಾರ ಪೂರ್ತಿ ಹೋಯಿತು. ಶ್ರಾವಣದಲ್ಲಿ ವಾರಕ್ಕೆ ಮೂರೇ ದಿನ ಸಿಕ್ಕವು. ಅತ್ತೆಯ ಕಣ್ಣಿನ ಪೊರೆಯ ಆಪರೇಷನ್‌ಗೆ ಎಂಟು ದಿನ. ದಸರೆ, ಸೀಗಿ ಹುಣ್ಣಿಮೆ, ದೀಪಾವಳಿ ಬೇರೆ. ಮೊದಮೊದಲು ತಪ್ಪಿದ್ದನ್ನು ಮರುದಿನ ಕೂಡಿಸಿ ಮೂರು ಗಂಟೆ ಬರೆಯಲು ಹೋಗುತ್ತಿದ್ದೆ. ಅದರಿಂದ ಬರವಣಿಗೆಯೂ ಕೆಟ್ಟಿತು, ಕೊಟ್ಟ ಮಾತೂ ಮುರಿಯಿತು. ತಪ್ಪಿದ್ದು ತಪ್ಪಿತು ಎಂದು ಬಿಡಿ. ಹಬ್ಬದ ದಿನಗಳಲ್ಲಿ ಹತ್ತು ನಿಮಿಷ ಹಿಂದಿನದನ್ನು ಓದಿದರೂ ಎಳೆ ಕಡಿಯುವುದಿಲ್ಲ. ಮಧ್ಯಾಹ್ನದ ತುಂಡು ಹೊತ್ತು ಬರೆಯಲು ಬಾರದಿದ್ದರೂ, ಬರೆದದ್ದನ್ನು ಮೊಬೈಲಿನಲ್ಲಿ ಟೈಪ್ ಮಾಡಲು ಚೆನ್ನಾಗಿ ಒದಗಿತು.

ದೀಪಾವಳಿಯಿಂದ ಯುಗಾದಿಯವರೆಗೆ ತಿದ್ದುವ ಕೆಲಸ. ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಎಡೆ ಚೆಲ್ಲುವ ಚರಗ, ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಎರಡೂ ನಡುವೆ ಬಂದವು. ಜಾತ್ರೆಗೆ ಬಂದ ಬೀಗರು ಐದು ದಿನ ಇದ್ದರು, ಆ ಐದು ದಿನ ಪುಸ್ತಕ ತೆರೆಯಲೇ ಇಲ್ಲ. ನಮ್ಮ ಕಡೆಯ ಮಾತಿನಲ್ಲಿ ಬರೆಯುವವರಿಗೆ ಇಲ್ಲಿ ಒಂದು ವಿಷಯ ಹೇಳಲೇಬೇಕು. 'ಮಾಡಾಕತ್ತಾನ', 'ಮಾಡಾಕ್ಹತ್ಯಾನ', 'ಮಾಡ್ಲಿಕತ್ತಾನ' ಮೂರೂ ನನ್ನ ಹಸ್ತಪ್ರತಿಯಲ್ಲಿದ್ದವು, ಅದೂ ಒಂದೇ ಪಾತ್ರದ ಬಾಯಲ್ಲಿ. ಯಾವ ಪಾತ್ರ ಯಾವ ರೂಪ ಆಡುತ್ತದೆ ಎಂದು ನಲವತ್ತು ಪದಗಳ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದೆ. ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ, ಮಾಡುವವರಿಗೂ, ಕರಡು ತಿದ್ದುವವರಿಗೂ ಆ ಪಟ್ಟಿಯ ಪ್ರತಿ ಕೊಡಿ. ಕೊಡದಿದ್ದರೆ 'ಹೋಗೂದು' ಎಂದಿದ್ದದ್ದು ಒಳ್ಳೆಯ ಮನಸ್ಸಿನಿಂದಲೇ 'ಹೋಗುವುದು' ಆಗಿಬಿಡುತ್ತದೆ.

ದುಡ್ಡಿನ ಮಾತು ಯುಗಾದಿಗೆ ಬಂತು. ಹೊತ್ತಿನ ವಿಷಯದಲ್ಲಿ ಮನೆ ಒಪ್ಪಿತ್ತು, ನಲವತ್ತು ಸಾವಿರದ ವಿಷಯದಲ್ಲಿ ಒಪ್ಪಿರಲಿಲ್ಲ. ಮಾವನವರು ದಿನವೂ ಓದುವ ವಚನದ ಪುಸ್ತಕ ಜಗಲಿಯ ಮೇಲಿರುತ್ತದೆ. ನಾನು ಅದನ್ನು ತೋರಿಸಿ ಫ.ಗು. ಹಳಕಟ್ಟಿಯವರ ಹೆಸರೆತ್ತಿದೆ. ಇದೇ ಊರಿನಲ್ಲಿ ವಕೀಲಿ ಮಾಡಿಕೊಂಡು, ಊರೂರು ತಿರುಗಿ ವಚನಗಳ ತಾಳೆಗರಿ ಕೂಡಿಸಿ, ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ತೆರೆದು, ಮರುವರ್ಷ 'ಶಿವಾನುಭವ' ಪತ್ರಿಕೆ ಹೊರಡಿಸಿದವರು ಅವರು. ನನ್ನ ಕಥೆಗಳನ್ನು ಆ ಕೆಲಸದ ಪಕ್ಕ ಇಡಲಿಲ್ಲ, ಇಡಬಾರದು ಕೂಡ. ಅಚ್ಚಿನ ಮನೆಗೆ ಸುರಿದ ದುಡ್ಡು ಪೂಜೆಯ ಮನೆಗೂ ಬಂದು ಮುಟ್ಟುತ್ತದೆ ಎಂದಷ್ಟೇ ಹೇಳಿದೆ. ಮಾವನವರು ಏನೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸ್ವಸಹಾಯ ಸಂಘದಲ್ಲಿ ಉಳಿಸಿದ 18,000, ಬ್ಲೌಸ್ ಹೊಲಿದು ಕೂಡಿಸಿದ 9,000 ನನ್ನವು. ಉಳಿದದ್ದನ್ನು ನಮ್ಮ ಮನೆಯವರು ಹಾಕಿದರು.

ಖರ್ಚು ಹೀಗಾಯಿತು. ಡಿಟಿಪಿ ಪುಟಕ್ಕೆ 30 ರೂಪಾಯಿಯಂತೆ 136 ಪುಟಕ್ಕೆ 4,080. ಕರಡು ತಿದ್ದಲು ಪುಟಕ್ಕೆ 10ರಂತೆ 1,360. ಮುಖಪುಟಕ್ಕೆ 2,500. ಅಚ್ಚು, ಹೊಲಿಗೆ ಬೈಂಡಿಂಗ್ ಸೇರಿ ಪ್ರತಿಗೆ 65ರಂತೆ 32,500. ಸಾಗಣೆ 600. ಒಟ್ಟು 41,040. ಬರೀ ಅಂಟು ಹಾಕಿದ ಬೈಂಡಿಂಗ್ ಆಗಿದ್ದರೆ ಪ್ರತಿಗೆ ಆರು ರೂಪಾಯಿ ಉಳಿಯುತ್ತಿತ್ತು, ಆದರೆ ಹತ್ತಾರು ಕೈ ತಿರುಗುವ ಪುಸ್ತಕಕ್ಕೆ ಹೊಲಿಗೆಯೇ ಬೇಕು.

ಡಿಟಿಪಿಯಲ್ಲಿ ಮೊದಲ ಪೆಟ್ಟು ಬಿತ್ತು. ನಾನು ಟೈಪ್ ಮಾಡಿದ್ದು ಮೊಬೈಲಿನಲ್ಲಿ ಬರುವ ಯೂನಿಕೋಡ್ ಅಕ್ಷರದಲ್ಲಿ, ಅಂಗಡಿಯಲ್ಲಿ ಪುಟ ಕಟ್ಟುತ್ತಿದ್ದ ಹಳೆಯ ತಂತ್ರಾಂಶಕ್ಕೆ ಬೇಕಿದ್ದದ್ದು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರ. ನೇರವಾಗಿ ಅಂಟಿಸಿದರೆ ಬರೀ ಚೌಕಗಳು. ಪರಿವರ್ತಕ ಬಳಸಿದರೆ ಅಕ್ಷರ ಬರುತ್ತವೆ, ಆದರೆ ಅರ್ಕಾವತ್ತು ಜಾಗ ತಪ್ಪುತ್ತದೆ, ಉದ್ಧರಣ ಚಿಹ್ನೆಗಳು ಬೇರೆ ಅಕ್ಷರಗಳಾಗುತ್ತವೆ, 'ಫೋನ್‌ನಲ್ಲಿ' ಎಂಬುದು 'ಫೋನ್ನಲ್ಲಿ' ಆಗುತ್ತದೆ. ಇವು ಒಂದೆರಡು ಕಡೆ ಆಗುವ ತಪ್ಪಲ್ಲ, ಪುಸ್ತಕದ ಉದ್ದಕ್ಕೂ ಆಗುತ್ತವೆ. ಹಾಗಾಗಿ ಪೂರ್ತಿ ಪುಸ್ತಕ ಕೊಡುವ ಮೊದಲು ಎರಡು ಪುಟ ಕೊಟ್ಟು ನೋಡಿ. ಅಕ್ಷರ 13 ಪಾಯಿಂಟ್, ಸಾಲಿನಿಂದ ಸಾಲಿಗೆ 18 ಪಾಯಿಂಟ್ ಇಡಿಸಿದೆ. ಅದಕ್ಕಿಂತ ಒತ್ತಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಕರಡು ಮೂರು ಸಲ ನೋಡಿದೆ, ಮೂರೂ ಸಲ ಕಾಗದದ ಮೇಲೆ. ಮೊದಲನೆಯದು ಹಸ್ತಪ್ರತಿಗೆ ಹೋಲಿಸಿ. ಎರಡನೆಯದನ್ನು ನಾನು ಗಟ್ಟಿಯಾಗಿ ಓದಿದೆ, ಮಗಳು ಪುಟ ಹಿಡಿದು ನೋಡಿದಳು. ಮೂರನೆಯದು ಕೊನೆಯ ಪುಟದಿಂದ ಹಿಂದಕ್ಕೆ, ಕಥೆ ಎಳೆದುಕೊಂಡು ಹೋಗದ ಹಾಗೆ.

ಪುಟ ಕಟ್ಟಿದಾಗ 139 ಬಂದವು. ಪುಸ್ತಕದ ಅಳತೆ ಡೆಮಿ ಅಷ್ಟ. ಅದರಲ್ಲಿ ಒಂದು ಫಾರಂ, ಅಂದರೆ ಅಚ್ಚು ಹಾಕಿ ಮಡಚುವ ಒಂದು ದೊಡ್ಡ ಹಾಳೆ, 16 ಪುಟ. 139ಕ್ಕೆ ಒಂಬತ್ತು ಫಾರಂ ಬೇಕು, 144 ಪುಟದ ದುಡ್ಡು ಕೊಡಬೇಕು, ಕೊನೆಗೆ ಐದು ಪುಟ ಖಾಲಿ. ಪ್ರತಿ ಕಥೆಯೂ ಬಲಪುಟದಲ್ಲೇ ಶುರುವಾಗಲಿ ಎಂಬ ಹಟ ಬಿಟ್ಟೆ. ನಡುವಿನ ಖಾಲಿ ಪುಟಗಳು ಹೋಗಿ 136ಕ್ಕೆ, ಅಂದರೆ ಎಂಟೂವರೆ ಫಾರಂಗೆ ನಿಂತಿತು. 70 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಕಾಗದದಲ್ಲಿ ಪುಸ್ತಕದ ಬೆನ್ನು ಸುಮಾರು ಏಳು ಮಿಲಿಮೀಟರ್. ಪುಟ ನಿಂತ ಮೇಲಷ್ಟೇ ಮುಖಪುಟದವರಿಗೆ ಈ ಅಳತೆ ಕೊಡಿ, ಇಲ್ಲದಿದ್ದರೆ ಬೆನ್ನಿನ ಮೇಲಿರಬೇಕಾದ ಹೆಸರು ಮುಂದಕ್ಕೆ ಜಾರುತ್ತದೆ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಕಿಲ್ಲ. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಲೇಖಕರೇ ಪ್ರಕಾಶಕರಾಗಿ ಅರ್ಜಿ ಹಾಕಬಹುದು. ನನ್ನ ಅರ್ಜಿ ಒಮ್ಮೆ ವಾಪಸ್ ಬಂತು, ತಪ್ಪು ನನ್ನದೇ. ಆಧಾರ್‌ನಲ್ಲಿ ಗಂಡನ ಹೆಸರು, ಮನೆತನದ ಹೆಸರು ಸೇರಿದೆ, ಮುಖಪುಟದಲ್ಲಿ ನನ್ನ ಹೆಸರಷ್ಟೇ ಇತ್ತು. ಎರಡೂ ಒಬ್ಬಳದೇ ಎಂಬ ಘೋಷಣಾ ಪತ್ರ ಸೇರಿಸಿ ಮತ್ತೆ ಹಾಕಿದೆ. ಎಲ್ಲ ಸೇರಿ 23 ದಿನ. ಮದುವೆಯಾದ ಹೆಣ್ಣುಮಕ್ಕಳು ಇದನ್ನು ಮೊದಲೇ ನೋಡಿಕೊಳ್ಳಿ, ಸಂಖ್ಯೆ ಕೈಗೆ ಬರುವವರೆಗೆ ಮುಖಪುಟ ಅಚ್ಚಿಗೆ ಬಿಡಬೇಡಿ. ಚಿಕ್ಕ ವಯಸ್ಸಿನವರಾದರೆ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನವನ್ನೂ ವಿಚಾರಿಸಿ. ಅದಕ್ಕೆ ವಯಸ್ಸಿನ ಮಿತಿ ಇದೆ, ನನಗದು ದಾಟಿತ್ತು. ಅಚ್ಚಾದ ಮೇಲೆ ಓಡಾಡಿ ಉಪಯೋಗವಿಲ್ಲ, ಹಸ್ತಪ್ರತಿ ಇರುವಾಗಲೇ ಕೇಳಬೇಕು.

ಪುಸ್ತಕ ಬಂದ ಮೇಲೂ ಒಂದು ಕರ್ತವ್ಯವಿದೆ. 1954ರ ಕಾಯ್ದೆಯ ಪ್ರಕಾರ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ, ಚೆನ್ನೈ, ಮುಂಬೈ, ದೆಹಲಿಯ ಗ್ರಂಥಾಲಯಗಳಿಗೂ ಪ್ರಕಾಶಕರು ತಮ್ಮ ಖರ್ಚಿನಲ್ಲಿ ಒಂದೊಂದು ಪ್ರತಿ ಕಳಿಸಬೇಕು. ಸ್ವಂತ ಪ್ರಕಟಣೆಯಾದರೆ ಪ್ರಕಾಶಕರು ನೀವೇ. ಅಂಚೆಯ ರಸೀದಿ ಜೋಪಾನವಾಗಿಡಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ಪ್ರಕಟಣೆಯ ವರ್ಷದ ಮೇಲೆ, ಪ್ರಥಮ ಮುದ್ರಣಕ್ಕೆ ಅರ್ಜಿ ಕರೆಯುತ್ತಾರೆ. ಆದ್ದರಿಂದ ವರ್ಷ ಮತ್ತು ಮುದ್ರಣದ ವಿವರ ಒಳಪುಟದಲ್ಲಿ ಸ್ಪಷ್ಟವಾಗಿರಲಿ.

ಒಂದು ಪ್ರತಿ ಸುಮಾರು 160 ಗ್ರಾಂ. 50ರ ಕಟ್ಟು ಎಂಟು ಕೆಜಿ, ಅಂಥ ಹತ್ತು ಕಟ್ಟು. ಮಳೆಗಾಲದಲ್ಲಿ ಕಟ್ಟುಗಳನ್ನು ನೆಲಕ್ಕಾಗಲಿ ಗೋಡೆಗಾಗಲಿ ತಾಗಿಸಿ ಇಡಬಾರದು. ಹಲಗೆ ಹಾಕಿ, ಗೋಡೆಯಿಂದ ಒಂದು ಗೇಣು ಬಿಟ್ಟು ಇಡಬೇಕು. ಕಾಳಿನ ಚೀಲದ ಪಕ್ಕವಂತೂ ಬೇಡವೇ ಬೇಡ. ನಮ್ಮ ಮನೆಯಲ್ಲಿ ಅಷ್ಟು ಒಣಗಿದ ಜಾಗ ಒಂದೇ, ಜಗಲಿ ಕೋಣೆಯ ಎಡಮೂಲೆ, ಅಲ್ಲಿ ಜೋಳದ ಚೀಲಗಳಿದ್ದವು. ನಾನು ಕೇಳುವ ಮೊದಲೇ ಅತ್ತೆ ಮೈದುನನನ್ನು ಕರೆದು ಚೀಲಗಳನ್ನು ಪಡಸಾಲೆಗೆ ಸಾಗಿಸಿದರು.

ಕಣ್ಣಿನ ಆಪರೇಷನ್ ಆದ ಮೇಲೂ ಅವರಿಗೆ ಸಣ್ಣ ಅಕ್ಷರ ಓದಲು ಆಗುವುದಿಲ್ಲ. ಸೋಮವಾರ ನಾನು ಬರೆಯುವುದಿಲ್ಲವಲ್ಲ, ಆ ಹೊತ್ತಿನಲ್ಲಿ ಒಂದು ಕಥೆ ಓದಿ ಹೇಳು ಎಂದರು. ಮೊನ್ನೆ ಗುಡಿಯಿಂದ ಬಂದ ಮೇಲೆ ಎರಡನೆಯ ಕಥೆ ಓದುತ್ತಿದ್ದೆ. 32ನೇ ಪುಟದಲ್ಲಿ ತಡೆದರು. "ಆ ಮುದುಕಿ ಮಳೆ ಅಂತಾಳೇನು? ಮಳಿ ಅಂತಾಳ." ಕೆಳಗಿನಿಂದ ಮೂರನೇ ಸಾಲು. ಮೂರು ಕರಡಿನಲ್ಲೂ ತಪ್ಪಿಸಿಕೊಂಡಿತ್ತು. ಎದ್ದು ಹೋಗಿ ಗೋಡೆಯ ಪಟ್ಟಿಯಲ್ಲಿ ನಲವತ್ತೊಂದನೆಯ ಪದವಾಗಿ ಬರೆದು, ಮುಂದಕ್ಕೆ ಓದಿದೆ.